ಟ್ರ್ಯಾಕ್ಟರಿಗೆ ಮೊದಲು ಹಿಂದೀಪ, ಆಮೇಲೆ ಹಾಡಿನ ಪೆಟ್ಟಿಗೆ

ತುಂಗಭದ್ರೆಯ ಬಲದಂಡೆಯ ಬಯಲಿನಲ್ಲಿ ಕಟಾವು ಆರಂಭವಾಯಿತೆಂದರೆ ನಮ್ಮ ರೈತರಿಗೆ ಹಗಲು ಸಾಲುವುದಿಲ್ಲ. ಕಂಪ್ಲಿ ಕಡೆಯ ಭತ್ತ, ಹೊಸಪೇಟೆ ಕಮಲಾಪುರಗಳ ಸುತ್ತಿನ ಕಬ್ಬು, ಹಂಪಿಯ ಬಳಿ ವಿಜಯನಗರ ಕಾಲದ ಕಾಲುವೆಗಳ ಕೆಳಗೆ ಬೆಳೆಯುವ ಬಾಳೆ, ಎಲ್ಲವೂ ಕತ್ತಲಾದ ಮೇಲೂ ರಸ್ತೆಯ ಮೇಲೆ ಸಾಗುತ್ತಲೇ ಇರುತ್ತವೆ. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಬಾಗಿಲು ಮುಚ್ಚಿದ ಮೇಲಂತೂ ಕಬ್ಬಿನ ಗಾಡಿಗಳು ದೂರದ ತಾಲ್ಲೂಕುಗಳ ಕಾರ್ಖಾನೆಗಳವರೆಗೆ ಹೋಗಬೇಕಾಗಿ ಬಂದಿದೆ. ಅದೇ ದಾರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50 ಮತ್ತು 67ರ ವೇಗದ ವಾಹನಗಳು, ಸಂಡೂರಿನ ಅದಿರು ಲಾರಿಗಳು, ಹಂಪಿ ನೋಡಲು ಬರುವವರ ಕಾರುಗಳು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು, ಕಂಪ್ಲಿ ಸಂಡೂರುಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಜಿಲ್ಲೆ ಎರಡಾದರೂ ರಸ್ತೆ ಒಂದೇ, ಅದರ ಮೇಲಿನ ಅಪಾಯವೂ ಒಂದೇ.

ಆ ಅಪಾಯ ಯಾವುದೆಂದು ರಾತ್ರಿ ಈ ರಸ್ತೆಗಳಲ್ಲಿ ಓಡಾಡಿದ ಯಾರಿಗಾದರೂ ಗೊತ್ತು. ಟ್ರ್ಯಾಕ್ಟರಿನ ಮುಂದೆ ಕಣ್ಣು ಕುಕ್ಕುವ ಎರಡು, ಮೂರು, ಕೆಲವೊಮ್ಮೆ ಆರು ಹೆಚ್ಚುವರಿ ದೀಪಗಳಿರುತ್ತವೆ. ಚಾಲಕನ ತಲೆಯ ಮೇಲೆ ಬಣ್ಣದ ಮಾಲೆ ದೀಪ, ಎರಡು ಕಡೆ ದೊಡ್ಡ ಸ್ಪೀಕರು. ಅದರ ಹಿಂದೆ ಜೋಡಿಸಿದ ಟ್ರೇಲರಿಗೆ ಮಾತ್ರ ಒಂದು ಕೆಂಪು ದೀಪವೂ ಇಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. 20 ಕಿ.ಮೀ. ವೇಗದ ಟ್ರ್ಯಾಕ್ಟರು ದಾಟುವುದು ಐದೂವರೆ ಮೀಟರ್. ಅಂದರೆ ಪ್ರತಿ ಸೆಕೆಂಡಿಗೂ ಇವೆರಡರ ನಡುವಿನ ಅಂತರ ಹದಿನಾರು ಮೀಟರಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಎದುರಿನಿಂದ ಬರುವವರಿಗಾಗಿ ದೀಪ ತಗ್ಗಿಸಿಕೊಂಡ ಕಾರಿನವನಿಗೆ 50 ಮೀಟರ್ ದೂರದಲ್ಲಿ ಕಬ್ಬಿನ ತುದಿ ಕಂಡಿತೆನ್ನೋಣ. ಅವನಿಗೆ ಸಿಗುವುದು ಮೂರೇ ಸೆಕೆಂಡು. ಅದರಲ್ಲಿ ಒಂದು ಒಂದೂವರೆ ಸೆಕೆಂಡು ಕಂಡದ್ದೇನೆಂದು ತಿಳಿಯುವುದಕ್ಕೇ ಹೋಗುತ್ತದೆ.

ಆದುದರಿಂದ ಟ್ರ್ಯಾಕ್ಟರಿಗೆ ಸಾಮಾನು ಹಾಕಿಸುವುದರಲ್ಲಿ ನಮ್ಮ ರೈತರು ಅನುಸರಿಸುತ್ತಿರುವ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಡು ಕೇಳಬಾರದೆಂದು ನಾನು ಹೇಳುವುದಿಲ್ಲ. ರಾತ್ರಿಯಿಡೀ ಒಬ್ಬನೇ ಉಳುವವನಿಗೆ ಅದು ನಿದ್ದೆ ತಡೆಯುತ್ತದೆ, ಒಪ್ಪತಕ್ಕ ಮಾತು. ಆದರೆ ಸ್ಪೀಕರಿಗೆ ಸಾವಿರಾರು ರೂಪಾಯಿ ಸುರಿಯುವವರು ಎರಡು ಹಿಂದೀಪ, ಹತ್ತು ಮೀಟರ್ ತಂತಿ, ಒಂದು ಫ್ಯೂಸು ಕೊಳ್ಳಲು ಹಿಂಜರಿಯುವುದನ್ನು ಒಪ್ಪಲಾಗದು. ಕೇಳಿದರೆ ಬರುವ ಉತ್ತರವೂ ಒಂದೇ: "ಹಾಕ್ಸಿದ್ವಿ ಸಾಹೇಬ್ರೆ, ಎಂಟು ದಿನಕ್ಕೆ ಕೆಟ್ಟೋತು." ಇದು ಸುಳ್ಳಲ್ಲ. ಟ್ರೇಲರಿನ ದೀಪ ನಿಜವಾಗಿಯೂ ಎಂಟು ದಿನಕ್ಕೆ ಕೆಡುತ್ತದೆ. ಆದರೆ ಕೆಡುವುದು ದೀಪವಲ್ಲ, ತಂತಿಯ ಕೆಲಸ. ಅದೇಕೆ ಕೆಡುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಕ್ಕಾಲು ಪಾಲು ದೋಷವನ್ನು ರೈತರೇ ತಮ್ಮ ಕೊಟ್ಟಿಗೆಯಲ್ಲಿ ಸರಿಪಡಿಸಿಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅರ್ತು. ಮನೆಗೆ ಎರಡು ತಂತಿ ಎಳೆಯುವಂತೆ ಟ್ರ್ಯಾಕ್ಟರಿನಲ್ಲಿ ಪ್ರತಿ ದೀಪಕ್ಕೂ ಎರಡು ತಂತಿ ಎಳೆದಿರುವುದಿಲ್ಲ. ಬ್ಯಾಟರಿಯ ಋಣ ತುದಿಯನ್ನು ವಾಹನದ ಕಬ್ಬಿಣದ ಮೈಗೆ ಸೇರಿಸಿರುತ್ತಾರೆ; ದೀಪಕ್ಕೆ ಒಂದು ತಂತಿಯಲ್ಲಿ ಹೋದ ಕರೆಂಟು ಆ ಮೈಯ ಮೂಲಕವೇ ಹಿಂದಿರುಗಬೇಕು. ಟ್ರ್ಯಾಕ್ಟರಿನ ಮೈಯಲ್ಲೇನೋ ಇದು ಸರಿ. ಟ್ರೇಲರಿನ ಕರೆಂಟು ಮಾತ್ರ ಜೋಡಣೆಯ ಕೊಂಡಿ ಮತ್ತು ಪಿನ್ನಿನ ಮೂಲಕ ಹಿಂದಿರುಗಬೇಕು. ಆ ಪಿನ್ನಿಗೆ ಗ್ರೀಸು, ಮಣ್ಣು, ತುಕ್ಕು. ಗಾಡಿ ಕುಲುಕಿದಂತೆಲ್ಲ ಸಂಪರ್ಕ ಬಂದು ಹೋಗುತ್ತಿರುತ್ತದೆ. ಆಗ ದೀಪ ಮಿಣುಕುತ್ತದೆ. ಬ್ರೇಕು ತುಳಿದರೆ ಹಿಂದೀಪ ಮಂಕಾಗುತ್ತದೆ, ಬಲಕ್ಕೆ ಇಂಡಿಕೇಟರ್ ಹಾಕಿದರೆ ಬೇರೆ ದೀಪಗಳೂ ಅದರೊಡನೆ ಕುಣಿಯುತ್ತವೆ. ಒಂದು ದೀಪ ಹಾಕಿದರೆ ಇನ್ನೊಂದು ದೀಪದ ಬುದ್ಧಿ ಕೆಡುವುದೇ ಅರ್ತು ಕೆಟ್ಟಿದೆ ಎಂಬುದರ ಗುರುತು. ಸ್ವಿಚ್ಚಿಗೂ ಬಲ್ಬಿಗೂ ಇದರಲ್ಲಿ ಸಂಬಂಧವಿಲ್ಲ. ಆದರೂ ಎಷ್ಟೋ ಜನ ಹೊಸಪೇಟೆಗೆ ಹೋಗಿ ಬಲ್ಬು ಬದಲಾಯಿಸಿಕೊಂಡೇ ಬರುತ್ತಾರೆ!

ಪರೀಕ್ಷೆ ಸುಲಭ. ಒಂದು ಉದ್ದನೆಯ ತಂತಿಯ ಒಂದು ತುದಿಯನ್ನು ಬ್ಯಾಟರಿಯ ಋಣ ತುದಿಗೆ ಸೇರಿಸಿ, ಇನ್ನೊಂದು ತುದಿಯನ್ನು ಉರಿಯುತ್ತಿರುವ ಹಿಂದೀಪದ ಲೋಹದ ಮೈಗೆ ಮುಟ್ಟಿಸಬೇಕು. ದೀಪ ತಟ್ಟನೆ ಪ್ರಕಾಶವಾದರೆ ಅರ್ತು ಕೆಟ್ಟಿದೆಯೆಂದೇ ಅರ್ಥ. ಮೀಟರಿದ್ದವರು ಅದೇ ಎರಡು ಜಾಗಗಳ ನಡುವೆ ಅಳೆದು ನೋಡಲಿ. ದೀಪ ಉರಿಯುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯನ್ನು ನಂಬಕೂಡದು. ಪರಿಹಾರವೆಂದರೆ ಕೊಂಡಿಯನ್ನು ನೆಚ್ಚದೆ ಟ್ರೇಲರಿಗೆ ಪ್ರತ್ಯೇಕ ಅರ್ತ್ ತಂತಿಯನ್ನೇ ಎಳೆಯುವುದು. ಅನೇಕ ಟ್ರ್ಯಾಕ್ಟರುಗಳ ಹಿಂಭಾಗದಲ್ಲಿ ಏಳು ಪಿನ್ನಿನ ಸಾಕೆಟ್ಟು ಕೊಟ್ಟಿರುವುದು ಇದಕ್ಕೇ. ಅದರಲ್ಲಿ ಒಂದು ಪಿನ್ನು ಅರ್ತಿಗಾಗಿಯೇ ಮೀಸಲು. ನಮ್ಮಲ್ಲಿ ಆ ಸಾಕೆಟ್ಟಿನೊಳಗೆ ಕಣಜದ ಗೂಡು ಕಾಣುವುದೇ ಹೆಚ್ಚು.

ಎರಡನೆಯದು ತಂತಿಯ ದಪ್ಪ. ಒಂದು ಚದರ ಮಿ.ಮೀ. ತಾಮ್ರದ ತಂತಿ ಪ್ರತಿ ಮೀಟರಿಗೆ ಸುಮಾರು 0.017 ಓಮ್ ತಡೆ ಒಡ್ಡುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ಹಿಂದೀಪ 5 ವ್ಯಾಟಿನವು ಎರಡು, ಬ್ರೇಕು ದೀಪ 21 ವ್ಯಾಟಿನವು ಎರಡು, ಒಟ್ಟು 52 ವ್ಯಾಟು. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 4.3 ಆಂಪಿಯರು. ಇದನ್ನು ಸ್ಪೀಕರಿಗೆ ಬಳಸುವ ಅರ್ಧ ಚದರ ಮಿ.ಮೀ. ತಂತಿಯಲ್ಲಿ ಹತ್ತು ಮೀಟರ್ ಸಾಗಿಸಿದರೆ ದಾರಿಯಲ್ಲೇ ಒಂದೂವರೆ ವೋಲ್ಟು ಸೋರಿಹೋಗುತ್ತದೆ. ಹಿಂದಿರುಗುವ ದಾರಿಯ ನಷ್ಟ ಬೇರೆ. ಬಲ್ಬಿನ ಗುಣವೆಂದರೆ ವೋಲ್ಟು ಶೇಕಡ 10 ಇಳಿದರೆ ಬೆಳಕು ಶೇಕಡ 30ರಷ್ಟು ಇಳಿಯುತ್ತದೆ. ಹೊಲಗಾಲುವೆಯ ಬಾಯಿ ಕಿರಿದಾದರೆ ಕೊನೆಯ ಮಡಿಗೆ ನೀರು ಮುಟ್ಟದು. ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರೇಲರಿಗೆ ಒಂದೂವರೆ ಚದರ ಮಿ.ಮೀ., ಮುಂದಿನ ಹೆಚ್ಚುವರಿ ದೀಪಗಳಿಗೆ ಎರಡೂವರೆ ಚದರ ಮಿ.ಮೀ. ಹಲವು ಎಳೆಗಳ ತಾಮ್ರದ ತಂತಿ ಇರಲಿ. ಪಂಪ್‌ಸೆಟ್ಟಿಗೆ ಎಳೆದು ಉಳಿದ ಒಂಟಿ ಎಳೆಯ ಅಲ್ಯೂಮಿನಿಯಂ ತಂತಿಯನ್ನು ಟ್ರ್ಯಾಕ್ಟರಿಗೆ ಸುತ್ತುವ ಚಾಳಿ ಕಂಪ್ಲಿ ಕಡೆ ಸಾಕಷ್ಟಿದೆ. ಎಂಜಿನ್ನಿನ ಅದುರಿಗೆ ಅದು ಒಳಗೊಳಗೇ ತುಂಡಾಗುತ್ತದೆ, ಮೇಲಿನ ಹೊದಿಕೆ ಮಾತ್ರ ಸರಿಯಾಗಿಯೇ ಕಾಣುತ್ತದೆ. ಇಂಥ ದೋಷವನ್ನು ಹುಡುಕುವುದು ಮೇಸ್ತ್ರಿಗೂ ಕಷ್ಟ.

ಗಂಟಿನ ವಿಷಯವನ್ನೂ ಇಲ್ಲೇ ಹೇಳಬೇಕು. ಎರಡು ತಂತಿಯ ತುದಿ ತಿರುಚಿ ಕಪ್ಪು ಟೇಪು ಸುತ್ತಿದರೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಬಳ್ಳಾರಿ ಬಿಸಿಲಿಗೆ ಆ ಟೇಪಿನ ಅಂಟು ಕರಗಿ, ವೈಶಾಖದೊಳಗೆ ಟೇಪು ತಾನೇ ಬಿಚ್ಚಿಕೊಳ್ಳುತ್ತದೆ. ಗದ್ದೆಯ ಕೆಸರು, ಸಂಡೂರು ರಸ್ತೆಯ ಕೆಂಪು ಧೂಳು ಗಂಟಿನೊಳಗೆ ಕೂತು, ಮಳೆ ಬಿದ್ದಾಗ ತೇವ ಹಿಡಿದಿಟ್ಟುಕೊಂಡು ತಾಮ್ರಕ್ಕೆ ಹಸಿರು ಕಿಲುಬು ತರುತ್ತವೆ. ತುದಿಗಳನ್ನು ಬೆಸುಗೆ ಹಾಕಿ ಇಲ್ಲವೆ ಒತ್ತಿ ಜೋಡಿಸುವ ತುಣುಕು ಹಾಕಿ, ಅದರ ಮೇಲೆ ಬಿಸಿಗೆ ಮುದುಡುವ ಕೊಳವೆ ಏರಿಸಬೇಕು. ಖರ್ಚು ಕೆಲವೇ ರೂಪಾಯಿ. ಭತ್ತದ ಚೀಲದ ಪಕ್ಕದಲ್ಲೇ ಟ್ರ್ಯಾಕ್ಟರು ನಿಲ್ಲಿಸುವವರು ಇಲಿಯ ಕಾಟವನ್ನೂ ಮರೆಯಕೂಡದು. ಅದಕ್ಕೆ ತಂತಿಯ ಹೊದಿಕೆಯೂ ಮೆಲ್ಲಲು ಆಗುತ್ತದೆ.

ಇನ್ನು ಫ್ಯೂಸು. ಫ್ಯೂಸು ಇರುವುದು ದೀಪವನ್ನು ಉಳಿಸುವುದಕ್ಕೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅಲ್ಲ, ಅದು ಇರುವುದು ತಂತಿ ಹೊತ್ತಿಕೊಳ್ಳದಂತೆ ತಡೆಯುವುದಕ್ಕೆ. ಬ್ಯಾಟರಿಯಿಂದ ನೇರವಾಗಿ ಎಳೆದ ಹೆಚ್ಚುವರಿ ತಂತಿ ಎಲ್ಲಾದರೂ ಕಬ್ಬಿಣಕ್ಕೆ ಉಜ್ಜಿ ಹೊದಿಕೆ ಹರಿದರೆ ನೂರಾರು ಆಂಪಿಯರು ಅದರಲ್ಲಿ ಹರಿಯಬಲ್ಲದು. ತಂತಿ ಕೆಂಡವಾಗಲು ಒಂದೆರಡು ಸೆಕೆಂಡು ಸಾಕು. ಹಿಂದೆ ಒಣ ಭತ್ತದ ಹುಲ್ಲು ಹೇರಿದ್ದರೆ ಏನಾಗುತ್ತದೆಂದು ಹೇಳಬೇಕೆ? ಹುಲ್ಲಿನ ಗಾಡಿಗೆ ಬೆಂಕಿ ಬಿದ್ದರೆ ನಾವೆಲ್ಲ ತಲೆ ಎತ್ತಿ ಮೇಲಿನ ವಿದ್ಯುತ್ ತಂತಿಯನ್ನು ನೋಡುತ್ತೇವೆ. ಅನೇಕ ವೇಳೆ ಅದು ನಿಜವೂ ಹೌದು. ಕೆಳಗಿನ ತಂತಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು. ಫ್ಯೂಸು ಬ್ಯಾಟರಿಗೆ ಒಂದು ಗೇಣಿನ ಒಳಗೇ ಇರಬೇಕು. ದೀಪದ ಹತ್ತಿರ ಇಟ್ಟರೆ ನಡುವಿನ ತಂತಿಗೆ ಕಾವಲಿಲ್ಲ. ಅದು ಪದೇ ಪದೇ ಸುಟ್ಟರೆ ಕಾರಣ ಹುಡುಕಬೇಕು. ಸಿಗರೇಟಿನ ಬೆಳ್ಳಿ ಕಾಗದ ತುರುಕುವುದು, ತಂತಿಯ ಎಳೆ ಸುತ್ತುವುದು, 10ರ ಬದಲು 30 ಆಂಪಿಯರಿನದು ಹಾಕುವುದು, ಇವೆಲ್ಲ ಕಾವಲುಗಾರನನ್ನು ಕಟ್ಟಿಹಾಕಿ ಮಲಗಿದಂತೆ.

ಮುಂದಿನ ಹೆಚ್ಚುವರಿ ದೀಪಕ್ಕೂ ಜೋಡಿ ಹಾರನ್ನಿಗೂ ರಿಲೇ ಬೇಕೇ ಬೇಕು. 55 ವ್ಯಾಟಿನ ಎರಡು ದೀಪ ಎಂದರೆ 9 ಆಂಪಿಯರು. ಇದನ್ನು ಟ್ರ್ಯಾಕ್ಟರಿನ ಮೂಲ ಸ್ವಿಚ್ಚಿನ ಮೂಲಕವೇ ಎಳೆದರೆ ಸ್ವಿಚ್ಚಿನ ಒಳಗಿನ ಎಲೆ ಸುಟ್ಟು ಕಪ್ಪಾಗಿ, ಮೊದಲಿನಿಂದ ಇದ್ದ ದೀಪವೂ ಹೋಗುತ್ತದೆ. ರಿಲೇ ಹಾಕಿದರೆ ಸ್ವಿಚ್ಚು ಅಪ್ಪಣೆ ಕೊಡುತ್ತದೆ, ಭಾರ ಹೊರುವುದು ರಿಲೇ. ಅದರ ತಳದಲ್ಲಿ 30, 85, 86, 87 ಎಂದು ಅಂಕಿಗಳಿರುತ್ತವೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ತಂತಿ 30ಕ್ಕೆ, ದೀಪಕ್ಕೆ ಹೋಗುವುದು 87ಕ್ಕೆ. 85, 86ರಲ್ಲಿ ಒಂದು ಸ್ವಿಚ್ಚಿಗೆ, ಇನ್ನೊಂದು ಅರ್ತಿಗೆ. ಹಾರನ್ನಿನ ಬಗ್ಗೆ ಒಂದು ಮಾತು. ಹಾಡಿನಂತೆ ಹಲವು ಸ್ವರ ಹೊರಡಿಸುವ ಹಾರನ್ನನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮ ನಿಷೇಧಿಸುತ್ತದೆ. ಅಂಗಡಿಯಲ್ಲಿ ಮಾರುತ್ತಾರೆಂದ ಮಾತ್ರಕ್ಕೆ ಹಾಕಬಹುದೆಂದಲ್ಲ.

ಇಂಡಿಕೇಟರಿನ ತಕರಾರು ಬೇರೆ ಜಾತಿಯದು. ಮಿನುಗಿಸುವ ಫ್ಲ್ಯಾಷರು 21 ವ್ಯಾಟಿನ ಇಷ್ಟು ಬಲ್ಬಿಗೆ ಎಂದು ಅಳತೆಯಾಗಿ ಬಂದಿರುತ್ತದೆ. ಟ್ರೇಲರಿನದೂ ಸೇರಿಸಿದರೆ ಅದರ ಲಯ ತಪ್ಪುತ್ತದೆ. ಎಲ್.ಇ.ಡಿ. ದೀಪ ಹಾಕಿದಾಗಲೂ ಅಷ್ಟೆ. ಅದು ಕುಡಿಯುವ ಕರೆಂಟು ಅತಿ ಕಡಿಮೆಯಾದ್ದರಿಂದ ಬಲ್ಬು ಸುಟ್ಟಿದೆಯೆಂದು ತಿಳಿದು ಕೆಲವು ಫ್ಲ್ಯಾಷರುಗಳು ಅವಸರವಾಗಿ ಮಿನುಗುತ್ತವೆ. ಟ್ರೇಲರಿಗೂ ಸೇರಿ ಅಳತೆಯಾದ ಫ್ಲ್ಯಾಷರು ಅಂಗಡಿಯಲ್ಲಿ ದೊರೆಯುತ್ತದೆ, ಬದಲಾಯಿಸಿಕೊಂಡರಾಯಿತು.

ಹಾಡಿನ ಪೆಟ್ಟಿಗೆಯ ಲೆಕ್ಕಕ್ಕೆ ಬರೋಣ. ಹಳೆಯ ಟ್ರ್ಯಾಕ್ಟರುಗಳ ಆಲ್ಟರ್ನೇಟರು ಪೂರ್ಣ ವೇಗದಲ್ಲಿ ಕೊಡುವುದು ಸುಮಾರು 35-40 ಆಂಪಿಯರು. ಅದರಲ್ಲೇ ದೀಪ ಉರಿಯಬೇಕು, ಸೆಲ್ಫು ಹೊಡೆದಾಗ ಖರ್ಚಾದದ್ದು ತುಂಬಬೇಕು. 500 ವ್ಯಾಟನ್ನು ನಿಜವಾಗಿಯೂ ಎಳೆಯುವ ಆಂಪ್ಲಿಫೈಯರು ಒಂದೇ 41 ಆಂಪಿಯರು ನುಂಗುತ್ತದೆ. ಹತ್ತು ಸೇರು ಬರುವ ಮನೆಯಲ್ಲಿ ಹನ್ನೆರಡು ಸೇರು ಉಣ್ಣುವವನು ಬಂದು ಕೂತ ಹಾಗಾಯಿತು. ಉಳಿದದ್ದನ್ನು ಬ್ಯಾಟರಿ ಕೊಡುತ್ತದೆ, ಬೆಳಿಗ್ಗೆ ಸೆಲ್ಫು ಎತ್ತುವುದಿಲ್ಲ. ಆಗ ಬ್ಯಾಟರಿ ಕಂಪನಿಯವರನ್ನು ಬಯ್ಯುತ್ತೇವೆ. ಹುಡುಗರು ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದ ಮರುದಿನ ಎಷ್ಟು ಟ್ರ್ಯಾಕ್ಟರುಗಳನ್ನು ತಳ್ಳಿ ಚಾಲೂ ಮಾಡುತ್ತಾರೆಂದು ಯಾವ ಊರಿನಲ್ಲಾದರೂ ನೋಡಬಹುದು.

ಬ್ಯಾಟರಿಯ ಸ್ಥಿತಿ ತಿಳಿಯಲು ಅಳತೆ ಹೀಗಿದೆ. ಎಂಜಿನ್ನು ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟು ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಎಂಜಿನ್ನು ಸ್ವಲ್ಪ ವೇಗದಲ್ಲಿ ಓಡುವಾಗ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಬೆಲ್ಟು ಸಡಿಲವೇ ಎಂದು ಮೊದಲು ನೋಡಿ, ಆಮೇಲೆ ಆಲ್ಟರ್ನೇಟರನ್ನು ಬಿಚ್ಚಿಸಬೇಕು.

ನಿಲ್ಲಿಸಿಟ್ಟ ಟ್ರ್ಯಾಕ್ಟರಿನ ಬ್ಯಾಟರಿ ತಾನಾಗಿ ಇಳಿಯುವುದೂ ಉಂಟು. ಹಾಡಿನ ಪೆಟ್ಟಿಗೆ, ಮೊಬೈಲು ಚಾರ್ಜಿನ ಸಾಕೆಟ್ಟು, ಜಿ.ಪಿ.ಎಸ್. ಪೆಟ್ಟಿಗೆ ಇವುಗಳನ್ನು ಚಾವಿಯ ಮೂಲಕ ಬಾರದಂತೆ ನೇರ ಬ್ಯಾಟರಿಗೆ ಕೊಟ್ಟಿದ್ದರೆ ಅವು ಸದ್ದಿಲ್ಲದೆ ಕುಡಿಯುತ್ತಿರುತ್ತವೆ. ಆಂಪಿಯರಿನ ಹತ್ತನೆಯ ಒಂದು ಭಾಗ ಎಷ್ಟು ಮಹಾ ಎನಿಸಬಹುದು. 30 ದಿನಕ್ಕೆ 720 ಗಂಟೆ. ಒಟ್ಟು 72 ಆಂಪಿಯರ್-ಗಂಟೆ. 75 ಆಂಪಿಯರ್-ಗಂಟೆಯ ಬ್ಯಾಟರಿ ಅಲ್ಲಿಗೆ ಮುಗಿಯಿತು. ಕಾಲುವೆ ನಿಂತು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲುವ ನಮ್ಮ ಭಾಗದಲ್ಲಿ ಇದು ಮುಖ್ಯ ಸಂಗತಿ. ಎಲ್ಲ ಸ್ವಿಚ್ಚು ಆರಿಸಿ, ಬ್ಯಾಟರಿಯ ಋಣ ತಂತಿ ಬಿಚ್ಚಿ, ತಂತಿಗೂ ತುದಿಗೂ ನಡುವೆ ಆಂಪಿಯರ್ ಮೀಟರ್ ಹಿಡಿಯಬೇಕು. ಮೀಟರಿಲ್ಲದಿದ್ದರೆ 5 ವ್ಯಾಟಿನ ಬಲ್ಬು ಹಿಡಿದರೂ ದೊಡ್ಡ ಸೋರಿಕೆ ಇದ್ದರೆ ಮಿಣುಕುತ್ತದೆ, ಸಣ್ಣ ಸೋರಿಕೆಯನ್ನು ಅದು ತೋರಿಸಲಾರದು. ನಂತರ ಒಂದೊಂದೇ ಫ್ಯೂಸು ಕೀಳುತ್ತ ಬಂದರೆ ಯಾವುದನ್ನು ಕಿತ್ತಾಗ ಸೋರಿಕೆ ನಿಲ್ಲುತ್ತದೋ ಅಲ್ಲೇ ಕಳ್ಳ. ಹೀಗೆ ಹಿಡಿದಿರುವಾಗ ಮರೆತು ಸೆಲ್ಫು ಹೊಡೆಯಕೂಡದು, ಮೀಟರು ಸುಟ್ಟುಹೋಗುತ್ತದೆ.

ಅದಿರು ಸಾಗಿಸಲು ಲಾರಿ ಇಟ್ಟುಕೊಂಡ ರೈತರೂ ಸಂಡೂರು ಹೊಸಪೇಟೆಗಳಲ್ಲಿ ಇದ್ದಾರೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಮಾರಿದವರು ಬಹಳ, ಗಣಿ ಮತ್ತೆ ತೆರೆದ ಮೇಲೆ ಕೊಂಡವರೂ ಇದ್ದಾರೆ. ಅವರಿಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಪಣಿಯಂತೆ ಜೋಡಿಸಿ 24 ವೋಲ್ಟು ಮಾಡಿರುತ್ತಾರೆ. ಅಂಗಡಿಯ ಹಾಡಿನ ಪೆಟ್ಟಿಗೆ ಸಾಮಾನ್ಯವಾಗಿ 12 ವೋಲ್ಟಿನದು. ಆದ್ದರಿಂದ ಎರಡರಲ್ಲಿ ಒಂದೇ ಬ್ಯಾಟರಿಯಿಂದ ತಂತಿ ಎಳೆಯುತ್ತಾರೆ. ಆ ದಿನ ಹಾಡು ಬರುತ್ತದೆ, ಎಲ್ಲ ಸರಿಯೆನಿಸುತ್ತದೆ. ಆದರೆ ಆ ಒಂದು ಬ್ಯಾಟರಿ ಮಾತ್ರ ಇಳಿಯುತ್ತ ಹೋಗುತ್ತದೆ. ಆಲ್ಟರ್ನೇಟರಿಗೆ ಗೊತ್ತಾಗುವುದು ಎರಡೂ ಸೇರಿದ ವೋಲ್ಟು ಮಾತ್ರವಾದ್ದರಿಂದ ತುಂಬಿದ ಬ್ಯಾಟರಿಗೆ ಅತಿಯಾಗಿ ತುಂಬಿ ನೀರು ಕುದಿಸುತ್ತದೆ, ಖಾಲಿಯಾದದ್ದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಕೆಲವೇ ತಿಂಗಳಲ್ಲಿ ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರು ಹಾಕಿಸುವುದೇ ಸರಿಯಾದ ಮಾರ್ಗ.

ಹೊಸ ಗಾಡಿಗಳಲ್ಲಿ ಕೈಹಾಕುವ ಮುಂಚೆ ಇನ್ನೂ ಯೋಚಿಸಬೇಕು. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ಲಾರಿಗಳಲ್ಲೂ, 2023ರ ಜನವರಿಯಿಂದ ಹೊಸ ಹೊಗೆ ನಿಯಮಕ್ಕೆ ಒಳಪಟ್ಟ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಲ್ಲೂ ಎಂಜಿನ್ನಿನ ಇಂಧನವನ್ನು ನಡೆಸುವುದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಸಿಕ್ಕ ತಂತಿಗೆ ಸೂಜಿ ಚುಚ್ಚಿ ಟೆಸ್ಟ್ ಲ್ಯಾಂಪು ಹಿಡಿಯುವ ಹಳೆಯ ಅಭ್ಯಾಸ ಇಲ್ಲಿ ನಡೆಯದು. ಕಂಪನಿಯವರು ಹೆಚ್ಚುವರಿ ಸಾಮಾನಿಗೆಂದೇ ಕೊಟ್ಟ ತುದಿಯಿಂದ ಮಾತ್ರ ಕರೆಂಟು ತೆಗೆದುಕೊಳ್ಳಬೇಕು. ಟ್ರೇಲರಿನ ಕೊಂಡಿಗೆ ವೆಲ್ಡಿಂಗ್ ಮಾಡಿಸುವಾಗ ಟ್ರ್ಯಾಕ್ಟರಿನಿಂದ ಬಿಡಿಸಿಯೇ ಮಾಡಿಸುವುದು ಮೇಲು. ಟ್ರ್ಯಾಕ್ಟರಿಗೇ ವೆಲ್ಡಿಂಗ್ ಬೇಕಾದರೆ ಬ್ಯಾಟರಿಯ ತಂತಿಗಳನ್ನೂ ಆಲ್ಟರ್ನೇಟರಿನ ಜೋಡಣೆಯನ್ನೂ ಬಿಚ್ಚಬೇಕು. ಬಿಚ್ಚುವಾಗ ಋಣ ತುದಿ ಮೊದಲು, ಕಟ್ಟುವಾಗ ಕೊನೆಗೆ. ತುದಿಗಳ ಬಿಳಿ ಹುಡಿಯನ್ನು ಅಡುಗೆ ಸೋಡದ ನೀರಿನಿಂದ ತೊಳೆದು ಒರೆಸಿ ವ್ಯಾಸಲೀನ್ ಸವರಿದರೆ ಮತ್ತೆ ಬೇಗ ಬರುವುದಿಲ್ಲ. ಆ ಸಮಯದಲ್ಲಿ ಬೀಡಿ ಹಚ್ಚಬೇಡಿ. ಬ್ಯಾಟರಿಯಿಂದ ಹೊರಡುವ ಗಾಳಿ ಸಿಡಿಯುವಂಥದು.

ತಲೆಯ ಮೇಲಿನ ಎಲ್.ಇ.ಡಿ. ಪಟ್ಟಿಯ ಬಗ್ಗೆಯೂ ನನ್ನ ತಕರಾರಿದೆ. ಹೊಲದಲ್ಲಿ ಅದು ಉಪಕಾರಿ, ರಾತ್ರಿ ರಂಟೆ ಹೊಡೆಯುವವನಿಗೆ ಸಾಲು ಕಾಣಬೇಕು. ರಸ್ತೆಗೆ ಬಂದಾಗ ಅದನ್ನು ಆರಿಸಬೇಕು. ಎದುರಿನವನ ಕಣ್ಣು ಕತ್ತಲೆಗಟ್ಟಿದರೆ ಅವನು ನಮ್ಮ ಟ್ರೇಲರಿನ ಬದಿಗೇ ಬಂದು ಬೀಳುತ್ತಾನೆ. ಹೊಲದ ದೀಪಕ್ಕೆ ಬೇರೆ ಸ್ವಿಚ್ಚು, ರಸ್ತೆಯ ದೀಪಕ್ಕೆ ಬೇರೆ ಸ್ವಿಚ್ಚು ಇಟ್ಟರೆ ಮರೆಯುವ ಪ್ರಮೇಯ ಕಡಿಮೆ.

ಕಬ್ಬಿನ ಗಾಡಿಗೆ ಇನ್ನೊಂದು ತೊಂದರೆ ಉಂಟು. ಟ್ರೇಲರಿನ ಹಿಂದೆ ದೀಪವಿದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚುತ್ತದೆ. ಪೊಲೀಸರು ಸುಗ್ಗಿಯಲ್ಲಿ ಅಂಟಿಸುವ ಪ್ರತಿಫಲಕ ಪಟ್ಟಿಗಳ ಗತಿಯೂ ಅದೇ. ಕೆಂಪು ಬಟ್ಟೆ ಕಟ್ಟುವುದು ಹಗಲಿಗಾಯಿತು, ರಾತ್ರಿ ಯಾರಿಗೆ ಕಾಣುತ್ತದೆ? ಇದಕ್ಕೆ ಬಿಚ್ಚಿ ತೆಗೆಯುವ ದೀಪದ ಹಲಗೆಯೇ ಉತ್ತಮ. ಟ್ರೇಲರಿನ ಅಗಲದಷ್ಟು ಉದ್ದದ ಒಂದು ಹಲಗೆ, ಅದರ ಎರಡು ತುದಿಗೆ ಹಿಂದೀಪ, ಬ್ರೇಕು ದೀಪ, ಇಂಡಿಕೇಟರು, ನಡುವೆ ಪ್ರತಿಫಲಕ ಪಟ್ಟಿ. ಹೊರೆ ಕಟ್ಟಿಯಾದ ಮೇಲೆ ಕೊನೆಯ ಹಗ್ಗಕ್ಕೆ ಕೊಕ್ಕೆಯಿಂದ ತೂಗುಹಾಕಿ, ಉದ್ದ ತಂತಿಯ ತುದಿಯನ್ನು ಟ್ರ್ಯಾಕ್ಟರಿನ ಸಾಕೆಟ್ಟಿಗೆ ಚುಚ್ಚಿದರಾಯಿತು. ಕಬ್ಬು ಇಳಿಸುವಾಗ ಬಿಚ್ಚಿ ಸೀಟಿನ ಹಿಂದೆ ಇಟ್ಟುಕೊಳ್ಳಬಹುದು. ಇದು ಹೊಸ ಕಲ್ಪನೆಯಲ್ಲ, ಹೊರದೇಶಗಳ ರೈತರು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಎರಡು ಟ್ರೇಲರು ಎಳೆಯುವವರಿಗೆ ಕೊನೆಯದಕ್ಕೊಂದು ಹಲಗೆ ಸಾಕು, ತಂತಿ ಮಾತ್ರ ಇನ್ನೂ ದಪ್ಪನೆಯದಿರಲಿ.

ರೈತರನ್ನಷ್ಟೇ ದೂರಿದರೆ ನ್ಯಾಯವಾಗದು. ಟ್ರೇಲರುಗಳನ್ನು ತಯಾರಿಸುವುದು ನಮ್ಮ ಊರುಗಳ ವೆಲ್ಡಿಂಗ್ ಶೆಡ್ಡುಗಳಲ್ಲಿ. ಅಲ್ಲಿ ಬಣ್ಣಕ್ಕೆ, ಹಿಂಬಾಗಿಲ ಮೇಲೆ ಬರೆಸುವ ಹೆಸರಿಗೆ, ಕಮಲದ ಚಿತ್ರಕ್ಕೆ ಬೆಲೆಯಲ್ಲಿ ಸ್ಥಾನವಿದೆ, ತಂತಿಗೆ ಇಲ್ಲ. ತಂತಿಯನ್ನು ಕಬ್ಬಿಣದ ಕೊಳವೆಯೊಳಗೆ ಹಾಯಿಸಿ, ದೀಪಕ್ಕೆ ಸರಳಿನ ಕಾಪು ಕೊಟ್ಟು, ಸಾಕೆಟ್ಟಿನ ಗಂಡು ತುದಿಯ ಸಮೇತ ಒಪ್ಪಿಸದಿದ್ದರೆ ಬಾಕಿ ಹಣ ಕೊಡುವುದಿಲ್ಲವೆಂದು ಮುಂಗಡ ಕೊಡುವಾಗಲೇ ಮಾತು ಮಾಡಿಕೊಳ್ಳಬೇಕು. ಟ್ರ್ಯಾಕ್ಟರು ಮಾರುವವರೂ ಹಿಂದಿನ ಸಾಕೆಟ್ಟು ಕೆಲಸ ಮಾಡುತ್ತದೆಂದು ಟ್ರೇಲರು ಜೋಡಿಸಿಯೇ ತೋರಿಸಲಿ. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಸಂಸ್ಥೆ ನಮಗೇನೂ ದೂರವಲ್ಲ, ಊರಿಗೊಬ್ಬ ಹುಡುಗ ಅಲ್ಲಿ ಕಲಿತು ಬಂದರೆ ಪ್ರಯೋಜನವಿದೆ. ಹಗರಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆಗಳಲ್ಲಿ ಬಿತ್ತನೆ ಗೊಬ್ಬರಗಳ ತರಬೇತಿಯ ಜೊತೆಗೆ ಕಟಾವಿಗೆ ಮುಂಚೆ ಒಂದು ದಿನವನ್ನು ಟ್ರ್ಯಾಕ್ಟರಿನ ತಂತಿ ಕೆಲಸಕ್ಕೆ ಮೀಸಲಿಡಬೇಕೆಂದು ನನ್ನ ಸಲಹೆ. ರೈತರು ತಮ್ಮ ಟ್ರ್ಯಾಕ್ಟರು ಟ್ರೇಲರುಗಳನ್ನೇ ಅಲ್ಲಿಗೆ ತರಲಿ. ಒಂದು ಮೀಟರು, ಒಂದು ಬೆಸುಗೆ ಕಡ್ಡಿ, ಒಂದು ಸುರುಳಿ ತಂತಿ ಇದ್ದರೆ ಸಂಜೆಯೊಳಗೆ ಹತ್ತು ಗಾಡಿಗಳ ಹಿಂದೀಪ ಹೊತ್ತಿಸಬಹುದು.